ಅಳೆಯುವ ದುರ್ಬೀನು ಮತ್ತು ಶ್ರಾವಕನ ಕೈ

ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವುದಷ್ಟೇ ದುರ್ಬೀನಿನ ಕೆಲಸವಾಗಿದ್ದ ಕಾಲವೊಂದಿತ್ತು. 1992ರಲ್ಲಿ ಜರ್ಮನಿಯ ಲೈಕಾ ಸಂಸ್ಥೆಯು ಜಿಯೋವಿಡ್ ಎಂಬ ಹೆಸರಿನಲ್ಲಿ ಒಂದು ಹೊಸ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದರ ಹೊಟ್ಟೆಯೊಳಗೆ ಲೇಸರ್ ದೂರಮಾಪಕವಿತ್ತು. ಗುಂಡಿಯೊಂದನ್ನು ಒತ್ತಿದರೆ ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆ ಎಂಬ ಸಂಖ್ಯೆ ಕಣ್ಣಮುಂದೆ ಕೆಂಪಗೆ ಮೂಡುತ್ತಿತ್ತು. ಆ ಮೊದಲ ಮಾದರಿ ನಿಂತು ಬಹಳ ವರ್ಷಗಳಾದವು. ಆಸ್ಟ್ರಿಯಾ ದೇಶದ ಸ್ವರೋವ್ಸ್ಕಿ ಸಂಸ್ಥೆಯು 2011ರಲ್ಲಿ ತಂದ ಇಎಲ್ ರೇಂಜ್ ಎಂಬ ದುರ್ಬೀನಿನ ಮೊದಲ ರೂಪವೂ ಒಂದು ದಶಕ ತುಂಬುವಷ್ಟರಲ್ಲಿ ಹೊಸದಕ್ಕೆ ಜಾಗ ಬಿಟ್ಟುಕೊಟ್ಟಿತು. ಹೀಗೆ ಬೆಲೆಬಾಳುವ ದೂರಮಾಪಕ ದುರ್ಬೀನುಗಳು ಒಂದೊಂದಾಗಿ ಮಾರಾಟದ ಪಟ್ಟಿಯಿಂದ ಇಳಿದುಹೋದಾಗಲೆಲ್ಲ ಅವುಗಳನ್ನು ಮೆಚ್ಚಿಕೊಂಡವರು ಒಂದೇ ಪ್ರಶ್ನೆ ಕೇಳುತ್ತಾರೆ: ಇನ್ನು ಇದರ ಬದಲಿಗೆ ಏನನ್ನು ಕೊಳ್ಳಬೇಕು?

ಈ ಪ್ರಶ್ನೆಯ ಕ್ರಮವೇ ತಪ್ಪು. ನಿಂತುಹೋದ ವಸ್ತುವಿಗೆ ಬದಲಿಯನ್ನು ಹುಡುಕುವ ಮೊದಲು, ಅದು ಯಾವ ಕೆಲಸಕ್ಕಾಗಿ ಹುಟ್ಟಿತ್ತು, ಆ ಕೆಲಸ ತನ್ನ ಕೈಯಿಂದ ಆಗಬೇಕಾದದ್ದೇ ಎಂಬುದನ್ನು ಕೊಳ್ಳುವವನು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡರೆ ಈ ದುರ್ಬೀನುಗಳಲ್ಲಿ ಹೆಚ್ಚಿನವು ನಿಂತದ್ದಕ್ಕೆ ಶ್ರಾವಕನಾದವನು ಮರುಗಬೇಕಾದ ಕಾರಣವೇ ಇಲ್ಲವೆಂಬುದು ತಿಳಿದೀತು.

ವಿಜಯಪುರ ಸೀಮೆಯ ಜೈನಾಪುರದಂಥ ಊರಿನಲ್ಲಿ ಕುಳಿತು ಯುರೋಪಿನ ದುರ್ಬೀನಿನ ಚರ್ಚೆಯೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಹೊರದೇಶಗಳಲ್ಲಿ ನೆಲೆಸಿದ ಮಕ್ಕಳು ಊರಿಗೆ ಬರುವಾಗ ಹಿರಿಯರಿಗೆಂದು, ಬಸದಿಗೆಂದು, ಶಾಲೆಗೆಂದು ಏನನ್ನಾದರೂ ತರುತ್ತಾರೆ. ತರುವಾಗ ಅಂಗಡಿಯಲ್ಲಿ ಅತ್ಯಂತ ಬೆಲೆಬಾಳುವುದೇ ಅತ್ಯಂತ ಒಳ್ಳೆಯದೆಂದು ಭಾವಿಸುವುದು ಸಹಜ. ಇತ್ತ ಎರೆಹೊಲದ ಬದುವಿನ ಮೇಲೆ ನಿಂತು ನೋಡುವುದಕ್ಕೆ ಈ ಸೀಮೆಯಲ್ಲಿ ಬೇಕಾದಷ್ಟಿದೆ. ಮಾಗಿಯ ಜೋಳದ ಹೊಲಗಳ ಮೇಲೆ ಹಾರುವ ವಲಸೆ ಹಕ್ಕಿಗಳಿವೆ. ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿ ಗುಂಪುಗೂಡುವ ನೀರಹಕ್ಕಿಗಳಿವೆ. ಮರಗಿಡಗಳ ಅಡ್ಡಿಯಿಲ್ಲದ ಈ ಬಯಲಿನಲ್ಲಿ ದೃಷ್ಟಿ ಮೈಲುಗಟ್ಟಲೆ ಓಡುತ್ತದೆ. ಒಳ್ಳೆಯ ದುರ್ಬೀನೊಂದು ಸಿಕ್ಕರೆ ಬಾಲಕನೊಬ್ಬನ ಮನಸ್ಸು ಜೀವದಯೆಯ ಕಡೆಗೆ ತಿರುಗುವುದಕ್ಕೆ ಅಷ್ಟೇ ಸಾಕಾದೀತು. ಆದುದರಿಂದಲೇ ಯಾವ ದುರ್ಬೀನು ಎಂಬ ಪ್ರಶ್ನೆ ಬರಿಯ ವ್ಯಾಪಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸಾಧನದ ಒಳಗುಟ್ಟನ್ನು ಮೊದಲು ತಿಳಿಯಬೇಕು. ಗುಂಡಿ ಒತ್ತಿದ ಕೂಡಲೇ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಒಂದು ಮಿಡಿತ ಹೊರಟು ಎದುರಿನ ವಸ್ತುವಿಗೆ ತಗಲಿ ಹಿಂದಿರುಗುತ್ತದೆ. ಬೆಳಕು ಕ್ಷಣಕ್ಕೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುವುದರಿಂದ, 300 ಮೀಟರು ದೂರದ ಪ್ರಾಣಿಯನ್ನು ಮುಟ್ಟಿ ಮರಳುವುದಕ್ಕೆ ಅದಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೇವಲ ಎರಡು ಭಾಗ. ಆ ಕಾಲವನ್ನು ಅಳೆದು ದೂರವನ್ನು ಲೆಕ್ಕ ಹಾಕಲಾಗುತ್ತದೆ. ಮನುಷ್ಯನ ಬುದ್ಧಿಯ ಸೂಕ್ಷ್ಮತೆಗೆ ಇದು ಸಾಕ್ಷಿಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೇಯುತ್ತಿರುವ ಚಿಗರಿಗೆ ತನ್ನ ಮೈಮೇಲೆ ಬೆಳಕು ಬಿದ್ದುಹೋದದ್ದೇ ತಿಳಿದಿರುವುದಿಲ್ಲ.

ಸಾಧನ ಇಷ್ಟಕ್ಕೇ ನಿಂತಿದ್ದರೆ ವಿವಾದಕ್ಕೆ ಆಸ್ಪದ ಕಡಿಮೆಯಿತ್ತು. ಅದು ನಿಲ್ಲಲಿಲ್ಲ. ಬಂದೂಕಿನ ಗುಂಡು ದೂರ ಹೋದಂತೆ ಕೆಳಕ್ಕೆ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದು ದೂರ, ಇಳಿಜಾರು, ಗಾಳಿಯ ಒತ್ತಡ, ಉಷ್ಣತೆ ಇವುಗಳನ್ನು ಅವಲಂಬಿಸುತ್ತದೆ. ಇವೆಲ್ಲವನ್ನೂ ತಾನೇ ಅಳೆದು, ಬಂದೂಕನ್ನು ಎಷ್ಟು ಮೇಲಕ್ಕೆ ಹಿಡಿಯಬೇಕೆಂಬುದನ್ನು ಬೇಟೆಗಾರನಿಗೆ ಹೇಳಿಕೊಡುವ ಗಣಕವನ್ನು ಈ ದುರ್ಬೀನುಗಳೊಳಗೆ ಕೂರಿಸಲಾಯಿತು. 2021ರಲ್ಲಿ ಬಂದ ಜಿಯೋವಿಡ್ ಪ್ರೊ ಎಂಬ ಮಾದರಿಯಲ್ಲಿ ಗುಂಡಿನ ಗತಿಯನ್ನು ಲೆಕ್ಕ ಹಾಕುವುದಕ್ಕೆಂದೇ ಸಿದ್ಧಪಡಿಸಿದ ತಂತ್ರಾಂಶವಿದೆ. ಹಳೆಯದು ನಿಂತು ಹೊಸದು ಬಂದಂತೆಲ್ಲ ನೋಡುವ ಗುಣಕ್ಕಿಂತ ಹೊಡೆಯುವ ಗುಣವೇ ಹೆಚ್ಚು ಬೆಳೆಯುತ್ತ ಬಂದಿದೆ. ಇಲ್ಲಿ ದುರ್ಬೀನು ಕಣ್ಣಿನ ನೆಂಟಸ್ತಿಕೆಯನ್ನು ಬಿಟ್ಟು ಬಂದೂಕಿನ ಮನೆಗೆ ಸೊಸೆಯಾಗಿ ಹೋಗಿದೆ.

ಬೇಟೆಯು ಸಪ್ತವ್ಯಸನಗಳಲ್ಲಿ ಒಂದು. ಗೃಹಸ್ಥನಿಗೆ ಆರಂಭ, ಉದ್ಯೋಗ, ವಿರೋಧ ಇವುಗಳಿಂದ ಬರುವ ಹಿಂಸೆ ಪೂರ್ತಿಯಾಗಿ ತಪ್ಪದೆಂದು ಒಪ್ಪಿದ ಆಚಾರ್ಯರೂ ಸಂಕಲ್ಪೀ ಹಿಂಸೆಗೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದಕ್ಕೆ, ಎಳ್ಳಷ್ಟೂ ರಿಯಾಯಿತಿ ಕೊಟ್ಟಿಲ್ಲ. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಇದಕ್ಕಿಂತ ಹತ್ತಿರದ, ಟ್ರಸ್ಟಿನವರು ಮರೆತುಬಿಡುವ ವಿಷಯ ಇನ್ನೊಂದಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದು. ತಾನು ಕೊಲ್ಲದಿದ್ದರೂ ವಧೆಗೆ ಕಾರಣವಾಗುವ ಸಾಧನವನ್ನು ಇನ್ನೊಬ್ಬನ ಕೈಗೆ ಕೊಡುವುದೇ ಆ ದೋಷ. ಆ ಸಾಧನಗಳಲ್ಲಿ ಕೊಡಲಿ, ಕತ್ತಿ, ಬೆಂಕಿ, ಸರಪಳಿಗಳ ಜೊತೆಗೆ ಗುದ್ದಲಿಯೂ ಬರುತ್ತದೆ ಎಂಬುದು ಗಮನಾರ್ಹ. ಗುದ್ದಲಿ ಬಾವಿಯನ್ನೂ ತೋಡುತ್ತದೆ, ಬಿಲವನ್ನೂ ಅಗೆಯುತ್ತದೆ. ಆಚಾರ್ಯರು ಗುದ್ದಲಿಯನ್ನು ಮನೆಯಿಂದ ಹೊರಗೆಸೆಯಿರಿ ಎನ್ನಲಿಲ್ಲ. ವಧೆಗೆ ಹೇತುವಾಗುವಂತೆ ಕೊಡಬಾರದೆಂದರು. ಕೊಡುವವನು ಕೊಡುವ ಮುನ್ನ ಅದು ಯಾತಕ್ಕೆ ಹೋಗುತ್ತದೆಂದು ನೋಡಬೇಕು ಎಂಬ ಹೊಣೆಯನ್ನು ಅವರು ಕೊಡುವವನ ಮೇಲೆಯೇ ಹೊರಿಸಿದರು.

ಸಾಧನ ಸಾಧನವಷ್ಟೇ, ದೋಷವೆಲ್ಲ ಬಳಸುವವನದು ಎಂದು ವಾದಿಸುವ ವಿದ್ಯಾವಂತರ ಸಂಖ್ಯೆ ಈಗ ಹೆಚ್ಚಾಗಿದೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಚಾಕು ಹಣ್ಣನ್ನೂ ಹೆಚ್ಚುತ್ತದೆ ಎಂಬ ದೃಷ್ಟಾಂತ ಅವರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ಗುಂಡು ಎಷ್ಟು ಅಂಗುಲ ಕೆಳಗೆ ಬೀಳುತ್ತದೆ ಎಂಬುದನ್ನು ಹೇಳುವ ಗಣಕ ಯಾವ ಹಣ್ಣನ್ನು ಹೆಚ್ಚುತ್ತದೆ? ಅದಕ್ಕೆ ಇನ್ನೊಂದು ಉಪಯೋಗವನ್ನು ಹುಡುಕಿ ತೋರಿಸುವುದು ಅವರಿಂದಲೂ ಆಗದು. ಸಾಧನಗಳಲ್ಲಿ ಎರಡು ಬಗೆಯುಂಟು. ಗುದ್ದಲಿಯಂತೆ ಎರಡು ಕಡೆಗೂ ತಿರುಗಬಲ್ಲವು ಕೆಲವು; ಉರುಳಿನಂತೆ ಒಂದೇ ಕಡೆಗೆ ಬಾಯಿ ತೆರೆದಿರುವವು ಕೆಲವು. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕಟ್ಟುವುದು ತರ್ಕವಲ್ಲ, ಅನುಕೂಲ.

ಇನ್ನು ಸತ್ಯದ ಉಳಿದರ್ಧವನ್ನೂ ಹೇಳದಿದ್ದರೆ ಅನ್ಯಾಯವಾದೀತು. ದೂರವನ್ನು ಅಳೆಯುವ ಕ್ರಿಯೆಯೇ ಪಾಪವೆನ್ನುವವರು ಕರ್ನಾಟಕದ ಕಾಡುಗಳ ಕಡೆಗೆ ನೋಡಬೇಕು. ನಾಗರಹೊಳೆ, ಬಂಡೀಪುರಗಳಲ್ಲಿ ಜಿಂಕೆ, ಕಡವೆ, ಕಾಟಿಗಳ ಸಂಖ್ಯೆಯನ್ನು ಅಂದಾಜು ಮಾಡಲು ವನ್ಯಜೀವಿ ವಿಜ್ಞಾನಿಗಳು ಸೀಳುದಾರಿಯ ಗಣತಿಯನ್ನು ನಡೆಸುತ್ತ ಬಂದಿದ್ದಾರೆ. ಡಾ. ಕೆ. ಉಲ್ಲಾಸ ಕಾರಂತರು ಈ ಕ್ರಮವನ್ನು ನಾಗರಹೊಳೆಯಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ಕಾಡಿನೊಳಗೆ ನೇರವಾಗಿ ಕಡಿದ ದಾರಿಯಲ್ಲಿ ಗಣತಿಯವರು ಸದ್ದಿಲ್ಲದೆ ನಡೆಯುತ್ತಾರೆ. ಪ್ರಾಣಿಯ ಹಿಂಡು ಕಂಡೊಡನೆ ಎಷ್ಟಿವೆ ಎಂದು ಎಣಿಸಿ, ದೂರಮಾಪಕದಿಂದ ದೂರವನ್ನೂ ದಿಕ್ಸೂಚಿಯಿಂದ ಕೋನವನ್ನೂ ಬರೆದುಕೊಳ್ಳುತ್ತಾರೆ. ಹಿಂಡು 60 ಮೀಟರು ದೂರದಲ್ಲಿದ್ದು ದಾರಿಗೆ 30 ಅಂಶದ ಕೋನದಲ್ಲಿದ್ದರೆ, ಅದು ದಾರಿಯಿಂದ ನೇರವಾಗಿ 30 ಮೀಟರು ಒಳಗಿದೆ ಎಂದು ಗಣಿತ ಹೇಳುತ್ತದೆ. ಇಂಥ ನೂರಾರು ಸಂಖ್ಯೆಗಳು ಕೂಡಿದಾಗ, ಕಣ್ಣಿಗೆ ಬೀಳದೆ ತಪ್ಪಿಸಿಕೊಂಡ ಪ್ರಾಣಿಗಳನ್ನೂ ಸೇರಿಸಿ ಒಂದು ಚದರ ಕಿಲೋಮೀಟರಿಗೆ ಎಷ್ಟು ಜೀವಿಗಳಿವೆ ಎಂಬುದರ ಅಂದಾಜು ಸಿಗುತ್ತದೆ. ಹುಲಿ ಬದುಕಲು ಆಹಾರ ಸಾಲುತ್ತದೆಯೇ, ಕಾಡಿನ ಕಾವಲು ಸರಿಯಿದೆಯೇ ಎಂಬುದೆಲ್ಲ ಆ ಅಂದಾಜಿನ ಮೇಲೆ ನಿಂತಿದೆ.

ಅದೇ ಅರವತ್ತು ಮೀಟರು. ಒಬ್ಬನ ಟಿಪ್ಪಣಿ ಪುಸ್ತಕದಲ್ಲಿ ಅದು ಒಂದು ಜೀವಿಯ ಇರವನ್ನು ದಾಖಲಿಸುತ್ತದೆ. ಇನ್ನೊಬ್ಬನ ಬೆರಳಿಗೆ ಅದು ಅದೇ ಜೀವಿಯ ಅಂತ್ಯವನ್ನು ಸೂಚಿಸುತ್ತದೆ. ಅಳತೆಯು ಜೈನನಿಗೆ ಹೊರಗಿನದೇನಲ್ಲ. ತೂಕದಲ್ಲಿ, ಕೊಳಗದಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ಅಚೌರ್ಯವ್ರತದ ಅತಿಚಾರವೆಂದು ಎಣಿಸಿದ ಸಮಾಜವಿದು. ದಿಗ್ವ್ರತವನ್ನು ತೊಟ್ಟ ಶ್ರಾವಕನು ಇಷ್ಟು ಯೋಜನದಿಂದಾಚೆಗೆ ಹೋಗೆನೆಂದು ತನ್ನ ಸುತ್ತಲೂ ಗೆರೆ ಎಳೆದುಕೊಳ್ಳುತ್ತಾನೆ. ಮುನಿಗಳು ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ಅಲ್ಲೆಲ್ಲ ಅಳತೆಯು ಅಳೆಯುವವನನ್ನೇ ಕಟ್ಟಿಹಾಕುತ್ತದೆ. ಬೇಟೆಗಾರನ ದೂರಮಾಪಕವಾದರೋ ಅಳೆಯುವವನನ್ನು ಬಿಟ್ಟು ಅಳೆಯಲ್ಪಟ್ಟವನನ್ನು ಕಟ್ಟುತ್ತದೆ.

ಆದರೆ ಗಣತಿಯವರಿಗೂ ಎರಡು ಲಕ್ಷ ರೂಪಾಯಿಗೆ ಮೀರಿದ ಈ ಜೋಡಿಸಾಧನ ಬೇಕಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಂಗೈಯಲ್ಲಿ ಹಿಡಿಯುವ ಪ್ರತ್ಯೇಕ ದೂರಮಾಪಕವೊಂದು, ಕೊರಳಲ್ಲಿ ತೂಗುವ ಸಾದಾ ದುರ್ಬೀನೊಂದು, ಇಷ್ಟಿದ್ದರೆ ಅವರ ಕೆಲಸ ನಡೆಯುತ್ತದೆ.

ಬೇಟೆಯ ವೈಭವ ನಿಂತಾಗ ಜಗತ್ತೇನೂ ಮುಳುಗಲಿಲ್ಲವೆಂಬುದಕ್ಕೆ ಮೈಸೂರೇ ನಿದರ್ಶನ. ಅಲ್ಲಿಯ ವ್ಯಾನ್ ಇಂಗೆನ್ ಸಂಸ್ಥೆಯು ಇಪ್ಪತ್ತನೆಯ ಶತಮಾನದ ಆರಂಭದಿಂದ ರಾಜರೂ ಆಂಗ್ಲ ಅಧಿಕಾರಿಗಳೂ ಹೊಡೆದ ಹುಲಿ ಚಿರತೆಗಳನ್ನು ಜೀವವಿದ್ದಂತೆ ನಿಲ್ಲಿಸಿಕೊಡುತ್ತಿತ್ತು. ಕೆಲಸದ ನಾಜೂಕಿಗೆ ಅದು ಜಗತ್ತಿನಲ್ಲಿಯೇ ಹೆಸರಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯ ಬಾಗಿಲನ್ನೂ ಹಾಕಿತು. 1999ರಲ್ಲಿ ಆ ಸಂಸ್ಥೆ ಮುಚ್ಚಿತು. ಅಷ್ಟು ಒಳ್ಳೆಯ ಕಸಬುದಾರಿಕೆ ಹೋಯಿತಲ್ಲ ಎಂದು ಮರುಗಿದವರು ಆಗಲೂ ಇದ್ದರು. ಸತ್ತ ಹುಲಿಯ ಬದಲಿಗೆ ಏನನ್ನು ತುಂಬಿ ನಿಲ್ಲಿಸೋಣ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೆಲವು ವಸ್ತುಗಳಿಗೆ ಬದಲಿ ಬೇಕಾಗುವುದಿಲ್ಲ. ಕುಶಲತೆಗೆ ಗೌರವ ಸಲ್ಲಬೇಕು ನಿಜ. ಆದರೆ ಕುಶಲತೆ ಇದ್ದ ಮಾತ್ರಕ್ಕೆ ಕಸಬು ಉಳಿಯಬೇಕೆಂಬ ನಿಯಮವಿಲ್ಲ.

ಈ ಎರೆಸೀಮೆಯಲ್ಲಿಯೇ ಬೇಟೆಯ ಲೆಕ್ಕ ಬಾಕಿಯಿದೆ. ಎರೆಭೂತವೆಂದು ಕರೆಯಲ್ಪಡುವ ದೊಡ್ಡ ಹಕ್ಕಿ ಒಂದು ಕಾಲಕ್ಕೆ ದಖ್ಖನ್ನಿನ ಹುಲ್ಲುಬಯಲುಗಳಲ್ಲಿ ಸಹಜವಾಗಿ ಓಡಾಡುತ್ತಿತ್ತು. ನೆರೆಯ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ಅದಕ್ಕಾಗಿಯೇ ಅಭಯಾರಣ್ಯವನ್ನು ಘೋಷಿಸಬೇಕಾಯಿತು. ಇಂದು ಇಡೀ ದೇಶದ ಕಾಡಿನಲ್ಲಿ ನೂರೈವತ್ತರಷ್ಟೂ ಉಳಿದಿಲ್ಲವೆಂಬ ಅಂದಾಜಿದೆ. ಹುಲ್ಲುಗಾವಲು ಹೊಲವಾದದ್ದು, ವಿದ್ಯುತ್ ತಂತಿಗಳು ಅಡ್ಡ ಬಂದದ್ದು ಇವೆಲ್ಲ ಕಾರಣಗಳು ಹೌದು. ಆದರೆ ಬಯಲಿನಲ್ಲಿ ಮರೆಯಿಲ್ಲದೆ ನಿಂತ ಆ ಹಕ್ಕಿಯನ್ನು ಜೀಪಿನಲ್ಲಿ ಬೆನ್ನಟ್ಟಿ ಹೊಡೆದವರ ಪಾಲೂ ಅದರಲ್ಲಿದೆ. ದೂರವೊಂದೇ ಅದರ ಕೋಟೆಯಾಗಿತ್ತು. ದೂರವನ್ನು ಗೆಲ್ಲುವ ಯಂತ್ರಗಳು ಬಂದ ಮೇಲೆ ಬಯಲಿನ ಪ್ರಾಣಿಗೆ ಉಳಿಯುವ ಆಸರೆ ಮನುಷ್ಯನ ಸಂಯಮ ಮಾತ್ರ.

ಬೆಳೆ ತಿನ್ನುವ ಹಂದಿ, ಚಿಗರಿಗಳಿಂದ ನೊಂದ ರೈತನ ಮಾತನ್ನು ಇಲ್ಲಿ ಎತ್ತುವವರುಂಟು. ಆ ನೋವು ಸುಳ್ಳಲ್ಲ. ಅದಕ್ಕೆ ಬೇಲಿಯೂ ಕಾವಲೂ ಪರಿಹಾರಧನವೂ ಬೇಕು. ಯುರೋಪಿನ ಶ್ರೀಮಂತ ಬೇಟೆಗಾರರಿಗಾಗಿ ತಯಾರಾದ ಲಕ್ಷಗಟ್ಟಲೆ ಬೆಲೆಯ ದುರ್ಬೀನಿಗೂ ಬಬಲೇಶ್ವರದ ರೈತನಿಗೂ ಯಾವ ಸಂಬಂಧವೂ ಇಲ್ಲ. ಅವನ ಹೆಸರನ್ನು ಈ ವಾದಕ್ಕೆ ಬಳಸಿಕೊಳ್ಳದಿರುವುದೇ ಅವನಿಗೆ ತೋರುವ ಮರ್ಯಾದೆ.

ಧರ್ಮದ ಮಾತನ್ನು ಬದಿಗಿಟ್ಟು ಬರಿಯ ವ್ಯಾಪಾರದ ಕಣ್ಣಿನಿಂದ ನೋಡಿದರೂ ಈ ಜೋಡಿಸಾಧನ ಕೊಳ್ಳತಕ್ಕ ವಸ್ತುವಲ್ಲ. ಸಾದಾ ದುರ್ಬೀನಿನೊಳಗೆ ಇರುವುದು ಗಾಜು, ಲೋಹ, ತಿರುಪು. ಇಟಲಿಯ ಪೋರೋ ಎಂಬಾತ 1854ರಲ್ಲಿ ಹಕ್ಕು ಪಡೆದ ಪಟ್ಟಕದ ವಿನ್ಯಾಸವನ್ನು ಅನುಸರಿಸಿ ಜೈಸ್ ಸಂಸ್ಥೆಯು 1894ರಲ್ಲಿ ದುರ್ಬೀನುಗಳನ್ನು ಮಾರಲಾರಂಭಿಸಿತು. ಅಂದಿನ ಪದ್ಧತಿಯ ದುರ್ಬೀನುಗಳನ್ನು ಇಂದಿಗೂ ಬಿಚ್ಚಿ ಒರೆಸಿ ಸರಿಪಡಿಸಿ ಕೊಡುವ ಕಸಬುದಾರರಿದ್ದಾರೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸಬಹುದು. ದೂರಮಾಪಕವನ್ನು ಒಳಗೆ ಕೂರಿಸಿದೊಡನೆ ಆ ಆಯುಷ್ಯ ಕುಗ್ಗುತ್ತದೆ. ಸಂಖ್ಯೆಯನ್ನು ಕಣ್ಣಿಗೆ ತೋರಿಸಲೆಂದು ಬೆಳಕನ್ನು ಒಡೆಯುವ ಲೇಪವನ್ನು ಗಾಜಿಗೆ ಹಚ್ಚಬೇಕಾಗುತ್ತದೆ. ಅದರಿಂದ ನೋಟಕ್ಕೆ ಸ್ವಲ್ಪ ಬಣ್ಣ ಬರುತ್ತದೆ, ಬೆಳಕೂ ಒಂದಿಷ್ಟು ಕಳೆಯುತ್ತದೆ. ಹಳ್ಳಿಯ ಅಂಗಡಿಯಲ್ಲಿ ಸಿಗದ ಸಿಆರ್ 2 ಎಂಬ ಲಿಥಿಯಂ ಸೆಲ್ಲು ಬೇಕು. ಮಾದರಿ ನಿಂತ ಕೆಲವು ವರ್ಷಗಳಲ್ಲಿ ಅದರ ವಿದ್ಯುನ್ಮಾನ ಬಿಡಿಭಾಗಗಳೂ ಮುಗಿಯುತ್ತವೆ. ಆಗ ಗಾಜು ಚೆನ್ನಾಗಿದ್ದರೂ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಂತೆಯೇ. ಎರಡು ಆಯುಷ್ಯಗಳನ್ನು ಒಂದೇ ನೊಗಕ್ಕೆ ಕಟ್ಟಿದರೆ ಗಾಡಿ ನಿಲ್ಲುವುದು ಬೇಗ ಸೋಲುವ ಎತ್ತಿನಿಂದ. ನಿಂತುಹೋಯಿತೆಂದು ಗೋಳಾಡುವವರು, ನಿಲ್ಲುವಂತೆಯೇ ಅದು ಹುಟ್ಟಿತ್ತೆಂಬುದನ್ನು ಕೊಳ್ಳುವಾಗಲೇ ನೋಡಬೇಕಿತ್ತು.

ಬದಲಿಯೆಂದು ಈಗ ಮುಂದೆ ಬಂದಿರುವ ವಸ್ತುಗಳಲ್ಲಿ ಒಂದು ಮಾತ್ರ ವಿಚಾರಕ್ಕೆ ಯೋಗ್ಯವಾಗಿದೆ. ಬೇಟೆಯ ದೂರಮಾಪಕಗಳನ್ನು ಮಾಡಿದ ಅದೇ ಸ್ವರೋವ್ಸ್ಕಿ ಸಂಸ್ಥೆಯು 2024ರ ಜನವರಿಯಲ್ಲಿ ಎಎಕ್ಸ್ ವಿಸಿಯೋ ಎಂಬ ದುರ್ಬೀನನ್ನು ಪ್ರಕಟಿಸಿತು. ಹಕ್ಕಿಯೊಂದರ ಕಡೆಗೆ ಹಿಡಿದರೆ ಅದು ದೂರವನ್ನು ಹೇಳುವುದರ ಬದಲು ಹಕ್ಕಿಯ ಹೆಸರನ್ನು ಹೇಳುತ್ತದೆ. ಹೆಸರನ್ನು ತಿಳಿಯುವುದು ಕೊಲ್ಲುವುದಕ್ಕಿಂತ ಎಷ್ಟೋ ಮೇಲು. ಬುದ್ಧಿವಂತಿಕೆ ಈ ದಿಕ್ಕಿಗೂ ತಿರುಗಬಲ್ಲುದೆಂಬುದು ಸಂತೋಷದ ಸಂಗತಿ. ಆದರೂ ಬೆಲೆ ನಾಲ್ಕು ಸಾವಿರ ಡಾಲರಿಗೂ ಮೇಲೆ. ಮತ್ತೆ ಬ್ಯಾಟರಿಯ ಹಂಗು, ಅದೇ ಬೇಗ ಮುಪ್ಪಾಗುವ ಗಣಕ. ಮೇಲಾಗಿ ಹಕ್ಕಿಯ ಹೆಸರನ್ನು ಯಂತ್ರವೇ ಉಸುರಿಬಿಟ್ಟರೆ ಬಾಲಕನು ಅದರ ಕೊಕ್ಕನ್ನೂ ಕಾಲಿನ ಬಣ್ಣವನ್ನೂ ನೋಡುವ ತೊಂದರೆಯನ್ನೇ ತೆಗೆದುಕೊಳ್ಳಲಾರ. ಸಲೀಂ ಅಲಿಯವರು ಮೈಸೂರು ಸೀಮೆಯ ಹಕ್ಕಿಗಳನ್ನು ಪಟ್ಟಿ ಮಾಡಿದ್ದು, ಅವರ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಇವೆಲ್ಲ ಸಾದಾ ಗಾಜಿನ ಕಾಲದಲ್ಲಿ ನಡೆದವು.

ಹಾಗಾದರೆ ಕೊಳ್ಳತಕ್ಕದ್ದು ಯಾವುದು? ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು ನಲವತ್ತು ಅಥವಾ ನಲವತ್ತೆರಡು ಮಿಲಿಮೀಟರಿರುವ ಸಾದಾ ದುರ್ಬೀನು. ಅದರ ಮೈಮೇಲೆ 8×40 ಅಥವಾ 8×42 ಎಂದು ಬರೆದಿರುತ್ತದೆ. ಹತ್ತು ಹನ್ನೆರಡು ಪಟ್ಟಿನದು ಮೇಲೆಂದು ಅಂಗಡಿಯವನು ಹೇಳಿದರೂ ನಂಬಬೇಕಾಗಿಲ್ಲ. ಪಟ್ಟು ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ನೋಟದ ಅಗಲ ಕಡಿಮೆಯಾಗುತ್ತದೆ. ನಂಬಬಹುದಾದ ತಯಾರಿಕೆಯದು ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ದಾನಿಯೊಬ್ಬನು ಎರಡು ಲಕ್ಷವನ್ನು ಒಂದು ದೂರಮಾಪಕ ದುರ್ಬೀನಿಗೆ ಸುರಿದು ಗಾಜಿನ ಕಪಾಟಿನಲ್ಲಿ ಇಡಿಸುವ ಬದಲು, ಅದೇ ಹಣದಲ್ಲಿ ಇಪ್ಪತ್ತು ಸಾದಾ ದುರ್ಬೀನುಗಳನ್ನು ಪಾಠಶಾಲೆಗಳಿಗೆ ಕೊಡಬಹುದು. ಇಪ್ಪತ್ತು ಮಕ್ಕಳು ಏಕಕಾಲಕ್ಕೆ ಕೆರೆಯ ದಂಡೆಯಲ್ಲಿ ನಿಂತು ನೋಡಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿಗೆ ಮಕ್ಕಳನ್ನು ಒಂದು ದಿನ ಕರೆದೊಯ್ಯುವ ಬಸ್ಸಿನ ಖರ್ಚು ಕೂಡ ಆ ದಾನದಲ್ಲಿ ಸೇರಿದರೆ ಇನ್ನೂ ಉತ್ತಮ. ದಂಡೆಯಿಂದ ದೂರ ನಿಂತೇ ನೋಡಬೇಕು, ಗೂಡಿನ ಹತ್ತಿರ ಹೋಗಕೂಡದು ಎಂಬುದನ್ನು ಬಸ್ಸು ಏರುವ ಮುನ್ನವೇ ಹೇಳಬೇಕು. ಸಾದಾ ಗಾಜೂ ಹಿಂಸೆಗೆ ದಾರಿಯಾಗಬಲ್ಲುದು.

ಬಸದಿಗಳ ಟ್ರಸ್ಟುಗಳಿಗೂ ಇದರ ಉಪಯೋಗ ಕಡಿಮೆಯದಲ್ಲ. ಮಾನಸ್ತಂಭದ ತುದಿಯ ಬಿಂಬವನ್ನು, ಶಿಖರದಲ್ಲಿ ಬಿಟ್ಟ ಬಿರುಕನ್ನು, ಗೋಡೆಯ ಮೇಲಿನ ಎತ್ತರದ ಕೆತ್ತನೆಯನ್ನು ಏಣಿಯಿಲ್ಲದೆ ಪರೀಕ್ಷಿಸಬಹುದು. ಜೇನು ಕಟ್ಟಿದೆಯೋ ಪಾರಿವಾಳ ಮೊಟ್ಟೆಯಿಟ್ಟಿದೆಯೋ ಎಂಬುದನ್ನು ಬಣ್ಣ ಬಳಿಯುವವರು ಮೇಲೇರುವ ಮುನ್ನ ನೋಡಿಕೊಳ್ಳಬಹುದು. ಇದನ್ನು ನೋಡದೆ ಕೆಲಸ ಆರಂಭಿಸುವವರೇ ಹೆಚ್ಚು. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ನಂತರ ಹನ್ನೆರಡು ವರ್ಷಗಳ ಕ್ರಮದಂತೆ 2030ರಲ್ಲಿ ಮತ್ತೊಂದು ಬರಬೇಕು. ವಿಂಧ್ಯಗಿರಿಯ ಮೆಟ್ಟಿಲನ್ನು ಏರಲಾರದ ವೃದ್ಧರು ಎದುರಿನ ಚಂದ್ರಗಿರಿಯ ಕಡೆಯಿಂದಲೋ ಕೆಳಗಿನಿಂದಲೋ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತ ನಿಲ್ಲುತ್ತಾರೆ. ಅವರ ಕೈಗೆ ಐದು ನಿಮಿಷ ಸಾದಾ ದುರ್ಬೀನೊಂದನ್ನು ಕೊಟ್ಟರೆ ಬಾಹುಬಲಿಯ ಮುಖ ಹತ್ತಿರವಾಗುತ್ತದೆ. ಎಷ್ಟು ಮೀಟರು ಎಂದು ಅವರು ಕೇಳುವುದಿಲ್ಲ.

ಟ್ರಸ್ಟು ದುರ್ಬೀನುಗಳನ್ನು ಕೊಂಡ ಮೇಲೆ ಕಪಾಟಿನಲ್ಲಿ ಬೀಗ ಹಾಕಿ ಇಡಬಾರದು. ಮಳೆಗಾಲದಲ್ಲಿ ಮುಚ್ಚಿಟ್ಟ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟೂ ಜೀವವೇ, ಅದನ್ನು ಬೆಳೆಯಗೊಟ್ಟು ಆಮೇಲೆ ಒರೆಸುವುದಕ್ಕಿಂತ ಬೆಳೆಯದಂತೆ ನೋಡಿಕೊಳ್ಳುವುದು ಸರಿ. ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಹೊರತೆಗೆದು, ಯಾರು ಯಾವ ದಿನ ಒಯ್ದರು, ಯಾವ ದಿನ ಮರಳಿಸಿದರು, ಒಯ್ದದ್ದು ಯಾತಕ್ಕೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೊನೆಯ ಕಲಮು ಖಾಲಿ ಬಿಟ್ಟವರಿಗೆ ಕೊಡಬಾರದು.